ಕೊಯ್ಯುವ ಮೊದಲು ಕೇಳಿದ ಡಾಕ್ಟರು

ಮೆದುಳಿನ ಆಪರೇಷನ್‌ಗೂ ರೋಬೋಟ್ ಬಂದಿದೆ ಅಂತ ನಿಮ್ಮಲ್ಲಿ ಹೆಚ್ಚಿನವರು ವಾಟ್ಸಾಪ್‌ನಲ್ಲಿ ಓದಿರುತ್ತೀರಿ. ಸುಳ್ಳಲ್ಲ. ಕೆನಡಾದ ಕ್ಯಾಲ್ಗರಿಯಲ್ಲಿ ತಯಾರಾದ ನ್ಯೂರೋಆರ್ಮ್ ಅನ್ನುವ ಯಂತ್ರದ ಕೈಗಳು 2008ರಲ್ಲೇ ಒಬ್ಬ ರೋಗಿಯ ಮೆದುಳಿನ ಗಡ್ಡೆ ತೆಗೆದಿವೆ. ಡಾಕ್ಟರು ಬೇರೆ ಕಡೆ ಕೂತು ಹಿಡಿಕೆ ಆಡಿಸಿದರೆ ಇಲ್ಲಿ ಯಂತ್ರದ ಬೆರಳು ಆಡುತ್ತದೆ, ಡಾಕ್ಟರ ಕೈ ನಡುಗಿದರೂ ಯಂತ್ರದ ಕೈ ನಡುಗುವುದಿಲ್ಲ. ಆದರೆ ಕೈ ನಡುಗದಿದ್ದರೆ ಮಾತ್ರ ಸಾಕಾ? ಎಲ್ಲಿ ಕೊಯ್ಯಬೇಕು ಅಂತ ಗೊತ್ತಿರಬೇಕಲ್ಲ. ಮೆದುಳಿನ ಕೆಲವು ಗಡ್ಡೆಗಳು ಹಲಸಿನ ಬೀಜದ ಹಾಗೆ ಬೇರೆಯಾಗಿ ಬಿಡಿಸಿಕೊಂಡು ಬರುವಂಥವಲ್ಲ. ಹಾಲಿಗೆ ಬಿದ್ದ ನೀರಿನ ಹಾಗೆ ಒಳ್ಳೆಯ ಭಾಗದೊಳಗೇ ಬೆರೆತುಕೊಂಡಿರುತ್ತವೆ. ಕಣ್ಣಿಗೆ ಎರಡೂ ಒಂದೇ ಬಣ್ಣ, ಮುಟ್ಟಿದರೆ ಎರಡೂ ಹೆಚ್ಚುಕಡಿಮೆ ಒಂದೇ ಮೆದು. ಕಮ್ಮಿ ತೆಗೆದರೆ ಗಡ್ಡೆ ಮತ್ತೆ ಬೆಳೆಯುತ್ತದೆ. ಜಾಸ್ತಿ ತೆಗೆದರೆ ಮನುಷ್ಯನ ಮಾತು ಹೋಗಬಹುದು, ಕೈ ಹೋಗಬಹುದು.

ಇದನ್ನು ಗುರುತಿಸಲಿಕ್ಕೆ ಈಗ ಹಲವು ಉಪಾಯಗಳು ಉಂಟು. ರೋಗಿಗೆ ಮೊದಲೇ ಒಂದು ದ್ರಾವಣ ಕುಡಿಸಿ, ಆಪರೇಷನ್ ವೇಳೆ ನೀಲಿ ಬೆಳಕು ಹಾಕಿದರೆ ಗಡ್ಡೆ ಗುಲಾಬಿ ಬಣ್ಣದಲ್ಲಿ ಹೊಳೆಯುತ್ತದೆ. ಇನ್ನೊಂದು, ಪೆನ್ನಿನಂಥ ಒಂದು ಸಲಕರಣೆ. ಅದರ ತುದಿಯನ್ನು ಮೆದುಳಿಗೆ ತಾಗಿಸಿದರೆ ಲೇಸರ್ ಬೆಳಕು ಹೊರಟು, ಅಲ್ಲಿನ ಅಣುಗಳಿಗೆ ತಾಗಿ, ಬಣ್ಣ ಒಂದಿಷ್ಟು ಬದಲಾಗಿ ವಾಪಸ್ ಬರುತ್ತದೆ. ಆ ಬದಲಾವಣೆ ನೋಡಿ ಇದು ಕ್ಯಾನ್ಸರ್, ಇದು ಅಲ್ಲ ಅಂತ ಕಂಪ್ಯೂಟರ್ ಒಂದು ಸೆಕೆಂಡಿನೊಳಗೆ ಹೇಳುತ್ತದೆ. 2015ರಲ್ಲಿ 17 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದ ವರದಿ ಬಂತು. 100ಕ್ಕೆ 90ಕ್ಕೂ ಹೆಚ್ಚು ಸಲ ಸರಿಯಾಗಿ ಹೇಳಿತ್ತು. ಬೆಳಕು ಹೀಗೆ ಬದಲಾಗುವುದನ್ನು 1928ರಲ್ಲಿ ಕಲ್ಕತ್ತಾದಲ್ಲಿ ಕಂಡುಹಿಡಿದವರು ನಮ್ಮ ಸಿ. ವಿ. ರಾಮನ್. 1933ರಲ್ಲಿ ಬೆಂಗಳೂರಿಗೆ ಬಂದವರು ಕೊನೆಯ ಉಸಿರಿನ ತನಕ ಅಲ್ಲೇ ಉಳಿದರು. ಸಲಕರಣೆಯನ್ನು ಪರೀಕ್ಷಿಸಿದ ಜಾಗ ಮಾತ್ರ ಕೆನಡಾದ ಮಾಂಟ್ರಿಯಲ್ ನಗರದ ನ್ಯೂರಾಲಜಿಕಲ್ ಇನ್‌ಸ್ಟಿಟ್ಯೂಟ್. ಆ ಸಂಸ್ಥೆ ಕಟ್ಟಿದ ವೈಲ್ಡರ್ ಪೆನ್‌ಫೀಲ್ಡ್ ಮಾಂಟ್ರಿಯಲ್‌ಗೆ ಬಂದು ಇಳಿದದ್ದೂ 1928ರಲ್ಲೇ. ಕಾಕತಾಳೀಯ ಇರಬಹುದು, ಆದರೂ ಬರೆಯುವಾಗ ಖುಷಿಯಾಯ್ತು.

ನಾನು ಇಲ್ಲಿ ಒಂದು ಆಸ್ಪತ್ರೆಯ ಆಪರೇಷನ್ ಥಿಯೇಟರ್‌ನಲ್ಲಿ ಟೆಕ್ನಿಷಿಯನ್. ಡಾಕ್ಟರಲ್ಲ. ಹಾಗಾಗಿ ಈ ವರ್ಷದ ಸಂಚಿಕೆಗೆ ಯಂತ್ರದ ವಿಷಯ ಬರೆಯಿರಿ ಅಂದಾಗ, ಯಂತ್ರಕ್ಕಿಂತ ಈ ಮನುಷ್ಯನ ಕಥೆಯನ್ನೇ ಬರೆಯುವ ಅಂತ ಅನಿಸಿತು. ನಮ್ಮ ಹಾಗೆ ಊರು ಬಿಟ್ಟು, ಬೇರೆ ದೇಶಕ್ಕೆ ಹೋಗಿ, ಅಲ್ಲೇ ನೆಲೆ ನಿಂತ ಮನುಷ್ಯ ಅವರು.

ಪೆನ್‌ಫೀಲ್ಡ್ ಹುಟ್ಟಿದ್ದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಊರಲ್ಲಿ, 1891ರ ಜನವರಿ 26ರಂದು. ಅಜ್ಜನೂ ಡಾಕ್ಟರು, ಅಪ್ಪನೂ ಡಾಕ್ಟರು. ಆದರೆ ಅಪ್ಪನ ಪ್ರಾಕ್ಟೀಸ್ ನೆಲಕಚ್ಚಿತು. ಹುಡುಗನಿಗೆ 8 ವರ್ಷ ಆಗುವಾಗ ಅಮ್ಮ ಮಕ್ಕಳನ್ನು ಕಟ್ಟಿಕೊಂಡು ವಿಸ್ಕಾನ್ಸಿನ್ ರಾಜ್ಯದ ಹಡ್ಸನ್‌ಗೆ, ತನ್ನ ತವರಿಗೆ ಹೊರಟರು. ಅಪ್ಪ ಇದ್ದೂ ಇಲ್ಲದ ಮನೆ ಅಂದರೆ ಏನು ಅಂತ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಅಮ್ಮ ಮಾತ್ರ ಗಟ್ಟಿ ಹೆಂಗಸು. ಮಗನಿಗೆ 13 ವರ್ಷ ಆಗಿದ್ದಾಗ ರೋಡ್ಸ್ ವಿದ್ಯಾರ್ಥಿವೇತನದ ಸುದ್ದಿ ಅವರ ಕಿವಿಗೆ ಬಿತ್ತು. ಓದಿನಲ್ಲೂ ಆಟದಲ್ಲೂ ಮುಂದಿರುವ ಹುಡುಗರನ್ನು ಆಕ್ಸ್‌ಫರ್ಡ್‌ಗೆ ಕಳಿಸುವ ವೇತನ ಅದು. ನನ್ನ ಮಗ ಅದಕ್ಕೇ ಹುಟ್ಟಿದವನು ಅಂತ ಅಮ್ಮ ಅವತ್ತೇ ತೀರ್ಮಾನ ಮಾಡಿಬಿಟ್ಟರು. ಹುಡುಗನಿಗೆ ಆಟ ಅಷ್ಟಾಗಿ ಒಲಿದಿರಲಿಲ್ಲ. ಆದರೂ ಪ್ರಿನ್ಸ್‌ಟನ್ ಕಾಲೇಜಿಗೆ ಹೋದವರು ಪಟ್ಟು ಹಿಡಿದು ಫುಟ್‌ಬಾಲ್ ಕಲಿತರು, ಕಾಲೇಜಿನ ತಂಡಕ್ಕೆ ಆಡಿದರು, ಓದು ಮುಗಿದ ಮೇಲೆ ಖರ್ಚಿನ ದುಡ್ಡಿಗೆ ಅದೇ ಆಟದ ಕೋಚ್ ಆದರು. ವಿದ್ಯಾರ್ಥಿವೇತನ ಸಿಕ್ಕಿತು. 10 ವರ್ಷ ಅಮ್ಮ ಹೊತ್ತ ಹರಕೆ ತೀರಿತು ಅನ್ನಬಹುದು.

ಆಕ್ಸ್‌ಫರ್ಡ್‌ನಲ್ಲಿ ಇಬ್ಬರು ದೊಡ್ಡವರು ಸಿಕ್ಕಿದರು. ಒಬ್ಬರು ನರಗಳ ವಿಷಯದಲ್ಲಿ ಆ ಕಾಲದ ಅತಿ ದೊಡ್ಡ ಹೆಸರು, ಚಾರ್ಲ್ಸ್ ಶೆರಿಂಗ್ಟನ್. ಇನ್ನೊಬ್ಬರು ವಿಲಿಯಂ ಆಸ್ಲರ್, ಕೆನಡಾದಿಂದ ಹೋದ ಡಾಕ್ಟರು. ಆಗ ಮೊದಲ ಮಹಾಯುದ್ಧ ನಡೀತಾ ಇತ್ತು. 1916ರ ಮಾರ್ಚ್‌ನಲ್ಲಿ ಫ್ರಾನ್ಸಿನ ರೆಡ್ ಕ್ರಾಸ್ ಆಸ್ಪತ್ರೆಯಲ್ಲಿ ಕೆಲಸ ಮಾಡ್ಲಿಕ್ಕೆ ಅಂತ ಪೆನ್‌ಫೀಲ್ಡ್ ಸಸೆಕ್ಸ್ ಅನ್ನುವ ಹಡಗು ಹತ್ತಿದರು. ಇಂಗ್ಲಿಷ್ ಕಾಲುವೆಯ ಮಧ್ಯೆ ಜರ್ಮನ್ ಜಲಾಂತರ್ಗಾಮಿ ಆ ಹಡಗಿಗೆ ಟಾರ್ಪಿಡೋ ಹೊಡೆಯಿತು. ಹಡಗಿನ ಮುಂಭಾಗ ಹಾರಿಹೋಯಿತು. ಇವರ ಕಾಲಿಗೆ ಜೋರು ಪೆಟ್ಟಾಯಿತು, ಜೀವ ಉಳಿಯಿತು. ಗುಣವಾಗುವ ತನಕ ಆಸ್ಲರ್ ದಂಪತಿ ತಮ್ಮ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡರು. ಪರದೇಶದಲ್ಲಿ ಕಾಯಿಲೆ ಬಿದ್ದವನನ್ನು ಮನೆಗೆ ಕರೆದು ಗಂಜಿ ಕೊಟ್ಟವರನ್ನು ಯಾರು ಮರೀತಾರೆ? ಪೆನ್‌ಫೀಲ್ಡ್ ಕೂಡ ಮರೆಯಲಿಲ್ಲ, ಕಡೆಯವರೆಗೂ ಆಸ್ಲರ್ ಅವರನ್ನು ಗುರು ಅಂತಲೇ ಕಂಡರು.

ಆಮೇಲಿನ ವರ್ಷಗಳನ್ನು ಬೇಗ ಹೇಳಿ ಮುಗಿಸ್ತೇನೆ. 1917ರಲ್ಲಿ ಹೆಲೆನ್ ಕರ್ಮಟ್ ಜೊತೆ ಮದುವೆ, 1918ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನಿಂದ ಡಾಕ್ಟರ್ ಡಿಗ್ರಿ, ಬೋಸ್ಟನ್‌ನಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆಯ ಮೂಲಪುರುಷ ಹಾರ್ವೆ ಕುಶಿಂಗ್ ಕೈಕೆಳಗೆ ಸ್ವಲ್ಪ ಕಾಲ, ಮತ್ತೆ ಇಂಗ್ಲೆಂಡ್, 1921ರಿಂದ ನ್ಯೂಯಾರ್ಕ್. ನ್ಯೂಯಾರ್ಕ್‌ನಲ್ಲಿ ಕೆಲಸ ಚೆನ್ನಾಗಿಯೇ ನಡೀತಾ ಇತ್ತು. ಆದರೆ ಪೆಟ್ಟು ತಿಂದ ಮೆದುಳಿನಲ್ಲಿ ಕಲೆ ಯಾಕೆ ಉಳಿಯುತ್ತದೆ, ಆ ಕಲೆಯಿಂದ ಫಿಟ್ಸ್ ಯಾಕೆ ಬರುತ್ತದೆ ಅನ್ನುವುದು ಇವರ ತಲೆ ಕೊರೆಯುತ್ತಾ ಇತ್ತು. ಆಗಿನ ಬಣ್ಣಗಳಿಂದ ಆ ಕಲೆಯೊಳಗಿನ ಜೀವಕೋಶಗಳು ಸರಿಯಾಗಿ ಕಾಣುತ್ತಿರಲಿಲ್ಲ. ಸ್ಪೇನ್ ದೇಶದ ಮ್ಯಾಡ್ರಿಡ್‌ನಲ್ಲಿ ಪಿಯೊ ದೆಲ್ ರಿಯೊ ಒರ್ಟೆಗಾ ಅನ್ನುವವರು ಬೆಳ್ಳಿಯ ಲವಣದಿಂದ ಬಣ್ಣ ಕಟ್ಟಿ, ಯಾರಿಗೂ ಕಾಣದ ಕೋಶಗಳನ್ನು ಕಾಣಿಸುತ್ತಿದ್ದರು. 1924ರಲ್ಲಿ ಪೆನ್‌ಫೀಲ್ಡ್ ಸಂಸಾರ ಸಮೇತ ಅಲ್ಲಿಗೆ ಹೋದರು. ಕೆಲಸ ಕಲಿಯಲಿಕ್ಕೆ ಅಂತ 33ನೇ ವಯಸ್ಸಿನಲ್ಲಿ, ಭಾಷೆ ಸರಿಯಾಗಿ ಬಾರದ ಊರಿಗೆ! ತಿಂಗಳುಗಟ್ಟಲೆ ಕೂತು ಆ ವಿದ್ಯೆ ಕಲಿತರು. ಅಂಗಾಂಶ ಯಾವುದು ಅಂತ ಗುರುತಿಸುವ ಹುಚ್ಚು ಇವರಿಗೆ ಹಿಡಿದದ್ದು ಆ ಸೂಕ್ಷ್ಮದರ್ಶಕದ ಮುಂದೆಯೇ ಅಂತ ನನ್ನ ಅಭಿಪ್ರಾಯ.

1928ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯ ಮತ್ತು ರಾಯಲ್ ವಿಕ್ಟೋರಿಯಾ ಆಸ್ಪತ್ರೆಗೆ ಬರುವಂತೆ ಎಡ್ವರ್ಡ್ ಆರ್ಚಿಬಾಲ್ಡ್ ಅನ್ನುವ ಸರ್ಜನ್ ಕರೆದರು. ಹೋಗುವ ಮೊದಲು ಪೆನ್‌ಫೀಲ್ಡ್ ಜರ್ಮನಿಯ ಬ್ರೆಸ್ಲಾವ್‌ಗೆ ಹೋಗಿ ಓಟ್ಫ್ರಿಡ್ ಫೋರ್ಸ್ಟರ್ ಅವರ ಜೊತೆ ಆರು ತಿಂಗಳು ಇದ್ದರು. ಯುದ್ಧದಲ್ಲಿ ತಲೆಗೆ ಗುಂಡು ತಾಗಿ ಫಿಟ್ಸ್ ಹತ್ತಿಸಿಕೊಂಡ ಸೈನಿಕರಿಗೆ ಫೋರ್ಸ್ಟರ್ ಆಪರೇಷನ್ ಮಾಡುತ್ತಿದ್ದರು. ಅದೂ ರೋಗಿ ಎಚ್ಚರ ಇರುವಾಗಲೇ! ಕೇಳಿದರೆ ಮೈ ಜುಮ್ ಅನ್ನುತ್ತದೆ. ಆದರೆ ಮೆದುಳಿಗೆ ಸ್ವತಃ ನೋವಿನ ಅರಿವಿಲ್ಲ. ತಲೆಯ ಚರ್ಮಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೆ ರೋಗಿ ಮಾತಾಡುತ್ತಲೇ ಇರಬಹುದು.

ಮಾಂಟ್ರಿಯಲ್‌ಗೆ ಬಂದು ಮೂರು ತಿಂಗಳೂ ಸರಿಯಾಗಿ ಆಗಿರಲಿಲ್ಲ, ಅಕ್ಕ ರೂತ್ ಬಂದರು. ಆರು ಮಕ್ಕಳ ತಾಯಿ. ಚಿಕ್ಕ ವಯಸ್ಸಿನಿಂದ ತಲೆನೋವು, ಆಗಾಗ ಫಿಟ್ಸ್. ಈಗ ಜೋರಾಗಿತ್ತು. ತಮ್ಮನೇ ಕಣ್ಣೊಳಗೆ ದೀಪ ಹಾಕಿ ನೋಡಿದರು. ಕಣ್ಣಿನ ನರ ಊದಿಕೊಂಡಿತ್ತು, ಅಂದರೆ ತಲೆಯೊಳಗೆ ಒತ್ತಡ, ಅಂದರೆ ಗಡ್ಡೆ. ಸ್ವಂತದವರ ಮೇಲೆ ಕತ್ತಿ ಆಡಿಸಬಾರದು ಅನ್ನುವುದು ಡಾಕ್ಟರುಗಳ ನಡುವಿನ ಹಳೇ ಮಾತು. ಆದರೆ ಈ ಆಪರೇಷನ್ ಮಾಡಬಲ್ಲವರು ಆ ಊರಲ್ಲಿ ಬೇರೆ ಯಾರಿದ್ದರು? ನ್ಯೂಯಾರ್ಕ್‌ನಿಂದ ಜೊತೆಗೇ ಬಂದಿದ್ದ ಗೆಳೆಯ ವಿಲಿಯಂ ಕೋನ್ ಸಹಾಯಕ್ಕೆ ನಿಂತರು. 1928ರ ಡಿಸೆಂಬರ್‌ನಲ್ಲಿ ಪೆನ್‌ಫೀಲ್ಡ್ ತನ್ನ ಅಕ್ಕನ ತಲೆ ತೆರೆದರು.

ಗಡ್ಡೆ ದೊಡ್ಡದಿತ್ತು. ಬಲಭಾಗದ ಮುಂಮೆದುಳಿನ ಬಹುಪಾಲನ್ನು ಅದರ ಜೊತೆಗೇ ತೆಗೆಯಬೇಕಾಯಿತು. ರಕ್ತ ವಿಪರೀತ ಹೋಯಿತು. ಗಡ್ಡೆಯ ಒಂದು ತುಂಡು ಆಳದಲ್ಲಿ ಉಳಿದಿತ್ತು. ಅದಕ್ಕೆ ಕೈ ಹಾಕಿದರೆ ಅಕ್ಕ ಮೇಜಿನ ಮೇಲೆಯೇ ಹೋಗಬಹುದು ಅನ್ನುವ ಹೊತ್ತು ಬಂದಾಗ ನಿಲ್ಲಿಸಲೇಬೇಕಾಯಿತು. ಅದು ಆಲಿಗೋಡೆಂಡ್ರೋಗ್ಲಿಯೋಮಾ ಅನ್ನುವ ಜಾತಿಯ ಗಡ್ಡೆ. ಆಲಿಗೋಡೆಂಡ್ರೋಗ್ಲಿಯಾ ಅಂದರೆ ಮ್ಯಾಡ್ರಿಡ್‌ನಲ್ಲಿ ಬೆಳ್ಳಿಯ ಬಣ್ಣ ಹಾಕಿ ಪೆನ್‌ಫೀಲ್ಡ್ ಸ್ವತಃ ಪ್ರೀತಿಯಿಂದ ನೋಡಿ ಕಲಿತ ಕೋಶವೇ. ವಿಧಿಯ ಆಟ ಅಂತ ನಮ್ಮ ಅಜ್ಜಿ ಇದ್ದಿದ್ದರೆ ಹೇಳುತ್ತಿದ್ದರು.

ರೂತ್ ಗುಣವಾಗಿ ಮನೆಗೆ ಹೋದರು. ನಗುತ್ತಿದ್ದರು, ಮಾತಾಡುತ್ತಿದ್ದರು, ಬುದ್ಧಿ ಚುರುಕಾಗಿಯೇ ಇತ್ತು. ವರ್ಷ ದಾಟಿದ ಮೇಲೆ ತಮ್ಮ ಊಟಕ್ಕೆ ಹೋದಾಗ ಒಂದು ಸಂಗತಿ ನಡೆಯಿತು. ಪೆನ್‌ಫೀಲ್ಡ್ ಅದನ್ನು ವೈದ್ಯಕೀಯ ಪತ್ರಿಕೆಯಲ್ಲೇ ಬರೆದಿಟ್ಟಿದ್ದಾರೆ. ತಮ್ಮ ಮತ್ತು ಮನೆಯ ನಾಲ್ಕು ಜನ, ಇಷ್ಟೇ ಮಂದಿಗೆ ಅಡುಗೆ. ಮೊದಲಾಗಿದ್ದರೆ ಅವರಿಗೆ ಅದು ಲೆಕ್ಕಕ್ಕೇ ಇಲ್ಲ. ಇಡೀ ದಿನ ಸಮಯ ಇತ್ತು, ಸಾಮಾನು ಎಲ್ಲ ಇತ್ತು. ಊಟದ ಹೊತ್ತಿಗೆ ನೋಡಿದರೆ ಒಂದೆರಡು ಪಾತ್ರೆ ಒಲೆಯ ಮೇಲೆ, ಮಾಂಸಕ್ಕೆ ಕೈಯೇ ಹಾಕಿಲ್ಲ, ಸಲಾಡ್ ಆಗಿಲ್ಲ, ಅಕ್ಕ ದಿಕ್ಕು ತೋಚದೆ ಕಂಗಾಲಾಗಿ ನಿಂತಿದ್ದಾರೆ. ಒಂದೊಂದೇ ಪದಾರ್ಥ ಮಾಡಬಲ್ಲರು. ಯಾವುದು ಮೊದಲು, ಯಾವುದು ಆಮೇಲೆ, ಅನ್ನ ಬೇಯುವಾಗ ಸಾರಿಗೆ ಒಗ್ಗರಣೆ ಅನ್ನುವ ಹಾಗೆ ಎಲ್ಲವನ್ನೂ ಒಟ್ಟಿಗೆ ತೂಗಿಸಿಕೊಂಡು ಹೋಗುವ ಆ ಶಕ್ತಿ ಹೋಗಿತ್ತು. ಇಲ್ಲಿ ರೂಮಿನಲ್ಲಿ ಆರು ಮಂದಿಗೆ ಅಡುಗೆ ಮಾಡಿದವರಿಗೆ ಅದು ಎಂಥ ಶಕ್ತಿ ಅಂತ ಗೊತ್ತು. ಮೆದುಳಿನ ಆ ಭಾಗ ಏನು ಕೆಲಸ ಮಾಡುತ್ತದೆ ಅಂತ ಆ ಕಾಲದಲ್ಲಿ ಸ್ಪಷ್ಟವಾಗಿ ಗೊತ್ತಿರಲಿಲ್ಲ. ಗೊತ್ತಾದದ್ದು ಅಕ್ಕನ ಅಡುಗೆಮನೆಯಲ್ಲಿ.

ಉಳಿದ ತುಂಡು ಮತ್ತೆ ಬೆಳೆಯಿತು. 1931ರಲ್ಲಿ ರೂತ್ ತೀರಿಕೊಂಡರು.

ಆಮೇಲೆ ಪೆನ್‌ಫೀಲ್ಡ್ ಒಂದೇ ಹಟಕ್ಕೆ ಬಿದ್ದರು. ನರರೋಗದ ಡಾಕ್ಟರು, ಸರ್ಜನ್, ಸೂಕ್ಷ್ಮದರ್ಶಕದವರು, ಎಲ್ಲರೂ ಒಂದೇ ಸೂರಿನಡಿ ಇರುವ ಸಂಸ್ಥೆ ಆಗಬೇಕು. ದುಡ್ಡು? ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ಫೌಂಡೇಷನ್‌ನ ಬಾಗಿಲು ತಟ್ಟಿದರು. ಮೊದಲ ಸಲ ಕೆಲಸ ಆಗಲಿಲ್ಲ. 1932ರಲ್ಲಿ, ಜಗತ್ತೇ ಆರ್ಥಿಕ ಕುಸಿತದಲ್ಲಿ ಮುಳುಗಿದ್ದ ಹೊತ್ತಿನಲ್ಲಿ, 12 ಲಕ್ಷ ಡಾಲರ್‌ಗೂ ಮಿಕ್ಕಿ ಹಣ ಮಂಜೂರಾಯಿತು. ಮಾಂಟ್ರಿಯಲ್ ನಗರವೂ ಕ್ವಿಬೆಕ್ ಸರ್ಕಾರವೂ ಕೈ ಜೋಡಿಸಿದವು. 1934ರ ಸೆಪ್ಟೆಂಬರ್‌ನಲ್ಲಿ ಸಂಸ್ಥೆಯ ಬಾಗಿಲು ತೆರೆಯಿತು. ಪ್ರಕೃತಿ ತನ್ನ ಮುಸುಕನ್ನು ತಾನೇ ಸರಿಸುತ್ತಿರುವ ಒಂದು ಶಿಲ್ಪವನ್ನು ಒಳಗೆ ಹೋಗುವಲ್ಲೇ ಇಟ್ಟರು. ಅದೇ ವರ್ಷ ಪೆನ್‌ಫೀಲ್ಡ್ ಹುಟ್ಟಿದ ದೇಶದ ಪೌರತ್ವ ಬಿಟ್ಟು ಅಲ್ಲಿನವರಾದರು. ಕೆನಡಾಕ್ಕೆ ಪ್ರತ್ಯೇಕ ಪೌರತ್ವ ಅಂತ ಬಂದದ್ದು 1947ರಲ್ಲಿ. ಹಾಗಾಗಿ ಕಾಗದದ ಮೇಲೆ ಆಗ ಸಿಕ್ಕಿದ್ದು ಬ್ರಿಟಿಷ್ ಪ್ರಜೆ ಅನ್ನುವ ಹೆಸರು. ವೀಸಾ, ಇಕಾಮಾ ಅಂತ ಓಡಾಡುವ ನಮಗೆ ಇಂಥ ಸಣ್ಣ ವಿವರ ಕಣ್ಣಿಗೆ ಬೀಳುತ್ತದೆ ನೋಡಿ.

ಈಗ ಅಲ್ಲಿನ ಆಪರೇಷನ್ ಥಿಯೇಟರ್‌ನ ಒಳಗೆ ಹೋಗುವ, ನನಗೆ ಅತಿ ಇಷ್ಟವಾದ ಜಾಗ ಅದು. ರೋಗಿ ಒರಗಿ ಮಲಗಿದ್ದಾರೆ, ಎಚ್ಚರ ಇದ್ದಾರೆ. ತಲೆಯ ಭಾಗಕ್ಕೂ ಮುಖಕ್ಕೂ ನಡುವೆ ಬಟ್ಟೆಯ ಪರದೆ. ಪೆನ್‌ಫೀಲ್ಡ್ ಕೈಯಲ್ಲಿ ವಿದ್ಯುತ್ ಹರಿಯುವ ಸಣ್ಣ ಕಡ್ಡಿ, ಒಂದೆರಡು ವೋಲ್ಟ್ ಅಷ್ಟೇ. ಅದನ್ನು ಮೆದುಳಿನ ಮೇಲ್ಮೈಗೆ ಮೃದುವಾಗಿ ತಾಗಿಸುತ್ತಾರೆ. ಒಂದು ಕಡೆ ತಾಗಿಸಿದರೆ ಹೆಬ್ಬೆರಳು ತಾನಾಗಿ ಮಡಚುತ್ತದೆ. ಪಕ್ಕಕ್ಕೆ ತಾಗಿಸಿದರೆ ನಾಲಿಗೆಯಲ್ಲಿ ಜುಮುಜುಮು. ಪ್ರತಿ ಜಾಗಕ್ಕೂ ನಂಬರ್ ಬರೆದ ಸಣ್ಣ ಚೀಟಿ ಇಡುತ್ತಾರೆ. ರೋಗಿ ಹೇಳಿದ್ದನ್ನೆಲ್ಲ ಒಬ್ಬರು ಬರೆದುಕೊಳ್ಳುತ್ತಾರೆ, ಫೋಟೋ ತೆಗೆಯುತ್ತಾರೆ. ಮಾತಿನ ಜಾಗ ಹುಡುಕಬೇಕಾದರೆ ರೋಗಿಗೆ ಒಂದೊಂದೇ ಚಿತ್ರ ತೋರಿಸಿ ಹೆಸರು ಕೇಳುವುದು. ಹೇಳುತ್ತಾ ಹೇಳುತ್ತಾ, ಕಡ್ಡಿ ಒಂದು ಕಡೆ ತಾಗಿದೊಡನೆ, ವಸ್ತು ಗೊತ್ತಿದ್ದರೂ ಹೆಸರು ಬಾಯಿಗೆ ಬರುವುದಿಲ್ಲ. ಕಡ್ಡಿ ತೆಗೆದರೆ ಬರುತ್ತದೆ. ಅಲ್ಲಿಗೆ ಕತ್ತಿ ತಾಗಿಸಬಾರದು ಅಂತ ಚೀಟಿ ಬೀಳುತ್ತದೆ. ಫಿಟ್ಸ್ ಬರುವ ಮೊದಲು ರೋಗಿಗೆ ಯಾವ ವಾಸನೆ ಬರುತ್ತದೋ, ಯಾವ ಭಯ ಆಗುತ್ತದೋ, ಅದೇ ಕಡ್ಡಿ ತಾಗಿಸಿದಾಗಲೂ ಆದರೆ ರೋಗದ ಬೇರು ಅಲ್ಲೇ ಇದೆ ಅಂತ ಲೆಕ್ಕ. ಸುಟ್ಟ ರೊಟ್ಟಿಯ ವಾಸನೆ ಬರುತ್ತಿದೆ ಅಂತ ಆಪರೇಷನ್ ಮೇಜಿನ ಮೇಲೆ ಹೇಳುವ ಹೆಂಗಸಿನ ದೃಶ್ಯ ಕೆನಡಾದ ಟಿವಿಯಲ್ಲಿ ಬಂದು, ಅಲ್ಲಿನ ಮಕ್ಕಳಿಗೂ ಬಾಯಿಪಾಠ ಆಗಿದೆಯಂತೆ.

ನಮ್ಮೂರಲ್ಲಿ ಫಿಟ್ಸ್ ಬಂದರೆ ಕೈಗೆ ಬೀಗದ ಕೈ ಗೊಂಚಲು ತುರುಕುತ್ತಿದ್ದದ್ದು ನಿಮಗೂ ನೆನಪಿರಬಹುದು. ದೆವ್ವ ಅಂದವರೂ ಇದ್ದರು. ಅಲ್ಲಿ ಅದೇ ಹೊತ್ತಿಗೆ ಒಬ್ಬರು ಅಂಗುಲ ಅಂಗುಲವಾಗಿ, ರೋಗಿಯನ್ನೇ ಕೇಳಿ ಕೇಳಿ, ಮೆದುಳಿನ ಸರ್ವೆ ಮಾಡುತ್ತಿದ್ದರು. 1938ರಲ್ಲಿ ಹರ್ಬರ್ಟ್ ಜ್ಯಾಸ್ಪರ್ ಸೇರಿಕೊಂಡ ಮೇಲೆ ಮೆದುಳಿನ ವಿದ್ಯುತ್ತನ್ನು ಗೆರೆಗಳಾಗಿ ಬರೆಯುವ ಯಂತ್ರವೂ ಬಂತು. ಆ ಸರ್ವೆಯಿಂದ ಹುಟ್ಟಿದ ನಕ್ಷೆಯೇ ಈಗ ಪ್ರತಿ ವೈದ್ಯಕೀಯ ಪುಸ್ತಕದಲ್ಲಿರುವ ವಿಚಿತ್ರ ಗೊಂಬೆ: ದೊಡ್ಡ ತುಟಿ, ಬುಟ್ಟಿಯಷ್ಟು ಕೈ, ಕಡ್ಡಿಯಂಥ ಬೆನ್ನು. ಮೆದುಳಿನಲ್ಲಿ ಯಾವ ಅಂಗಕ್ಕೆ ಎಷ್ಟು ಜಾಗ ಅನ್ನುವ ಲೆಕ್ಕ ಅದು. ಕೈಯಲ್ಲಿ ದುಡಿಯುವ ನಮ್ಮಂಥವರಿಗೆ ಅದರಲ್ಲಿ ಕೈಗೆ ಸಿಕ್ಕ ಜಾಗ ನೋಡಿ ಸಮಾಧಾನ ಆಗಬೇಕು!

ಕೆಲವು ರೋಗಿಗಳಿಗೆ ಕಿವಿಯ ಪಕ್ಕದ ಭಾಗದಲ್ಲಿ ಕಡ್ಡಿ ತಾಗಿದಾಗ ಹಳೇ ಹಾಡು ಕೇಳಿಸಿತು, ಪರಿಚಯದ ದನಿ ಕೇಳಿಸಿತು. ಕಂಡದ್ದು ಕೇಳಿದ್ದೆಲ್ಲ ಮೆದುಳಿನಲ್ಲಿ ಟೇಪಿನ ಹಾಗೆ ಉಳಿದಿದೆ ಅಂತ ಪೆನ್‌ಫೀಲ್ಡ್ ನಂಬಿದರು. ಇಲ್ಲಿ ಅವರು ಒಂದು ಹೆಜ್ಜೆ ಮುಂದೆ ಹೋದರು ಅಂತ ನನಗೆ ಕಾಣುತ್ತದೆ. 1963ರಲ್ಲಿ ಅವರೇ ಕೊಟ್ಟ ಲೆಕ್ಕದಲ್ಲಿ 1132 ರೋಗಿಗಳ ಪೈಕಿ 40 ಮಂದಿಗೆ ಮಾತ್ರ ಹಾಗಾಗಿತ್ತು. ಅದು ನಿಜವಾದ ನೆನಪೋ, ಕನಸಿನಂಥ ಕಲಬೆರಕೆಯೋ ಅಂತ ಆಮೇಲಿನ ವಿಜ್ಞಾನಿಗಳು ಸಂಶಯಪಟ್ಟರು.

ನಮಗೆ, ಅದರಲ್ಲೂ ಮಕ್ಕಳೊಂದಿಗರಿಗೆ, ಬೇಕಾದ ಒಂದು ವಿಷಯ ಉಂಟು. ಮಾತಿನ ಜಾಗವನ್ನು ಇಷ್ಟು ಹತ್ತಿರದಿಂದ ನೋಡಿದ ಮನುಷ್ಯ, ಮಕ್ಕಳು ಎರಡನೇ ಭಾಷೆಯನ್ನು ಸಣ್ಣವರಿರುವಾಗಲೇ ಕಿವಿಯಿಂದ ಕಲಿಯಬೇಕು ಅಂತ 1950ರ ದಶಕದಿಂದ ಊರೂರು ಹೇಳಿಕೊಂಡು ಬಂದರು. ಅದಕ್ಕೆ ಪುಸ್ತಕ, ವ್ಯಾಕರಣ ಬೇಡ. ಆ ಭಾಷೆ ಮಾತಾಡುವವರ ಜೊತೆ ಮಗು ದಿನಾ ಇದ್ದರೆ ಸಾಕು. 10-12 ವರ್ಷ ಕಳೆದ ಮೇಲೆ ಮೆದುಳು ಆ ಕೆಲಸಕ್ಕೆ ಅಷ್ಟು ಬಗ್ಗುವುದಿಲ್ಲ ಅಂತ ಅವರ ವಾದ. ಗಡಿ ಅಷ್ಟು ಖಂಡಿತ ಅಲ್ಲ ಅಂತ ಈಗಿನವರು ಹೇಳುತ್ತಾರೆ. ಆದರೂ ಅವರು ಬರೀ ಭಾಷಣ ಮಾಡಿದವರಲ್ಲ, ತಮ್ಮ ನಾಲ್ಕು ಮಕ್ಕಳ ಮನೆಯಲ್ಲೇ ಜರ್ಮನ್, ಫ್ರೆಂಚ್ ಮಾತಾಡುವವರನ್ನು ಇಟ್ಟು ನೋಡಿದವರು. ಮನೆಯಲ್ಲಿ ಕನ್ನಡ ಮಾತಾಡಿದರೆ ಮಗುವಿನ ಇಂಗ್ಲಿಷ್ ಹಾಳಾಗುತ್ತದೆ ಅಂತ ಹೆದರುವ ನಮ್ಮ ಅಕ್ಕತಂಗಿಯರು ದಯವಿಟ್ಟು ಇದನ್ನು ಗಮನಿಸಿ. ಇನ್ನೊಂದು ಮಾತು. ಎಚ್ಚರ ಇಟ್ಟು ಮಾಡುವ ಆಪರೇಷನ್‌ನಲ್ಲಿ ಎರಡು ಭಾಷೆ ಬಲ್ಲವರನ್ನು ಎರಡರಲ್ಲೂ ಪರೀಕ್ಷಿಸಬೇಕಾಗುತ್ತದೆ, ಯಾಕೆಂದರೆ ಎರಡರ ಜಾಗ ಪೂರ್ತಿ ಒಂದೇ ಆಗಿರುವುದಿಲ್ಲ. ಇಂಗ್ಲಿಷ್ ಉಳಿಸಿ ಕನ್ನಡ ಕೊಯ್ದು ಹಾಕಿದರೆ ಮನೆಗೆ ಹೋಗಿ ಅಮ್ಮನ ಹತ್ತಿರ ಮಾತಾಡುವುದು ಹೇಗೆ?

ನಮ್ಮ ಕಡೆಗೂ ಅವರ ವಿದ್ಯೆ ಬಂದಿದೆ. ಮಾಂಟ್ರಿಯಲ್‌ನಲ್ಲಿ ಅವರ ಬಳಿ ಪಳಗಿದ ಡಾ. ಜೇಕಬ್ ಚಾಂಡಿ 1949ರಲ್ಲಿ ವೆಲ್ಲೂರಿಗೆ ಬಂದು ಭಾರತದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗ ಶುರು ಮಾಡಿದರು. ಕೋಲಾರ, ಬೆಂಗಳೂರು ಕಡೆಯಿಂದ ರೈಲು ಹತ್ತಿ ವೆಲ್ಲೂರಿಗೆ ತಲೆ ತೋರಿಸಲು ಹೋದ ಎಷ್ಟೋ ಮನೆಗಳು ಉಂಟು.

ಮೊದಲಿಗೆ ಹೇಳಿದ ಲೇಸರ್ ಪೆನ್ನು ಹೇಳುವುದು ಇದು ರೋಗದ ಅಂಗಾಂಶವೋ ಅಲ್ಲವೋ ಅಂತ. ಈ ಜಾಗ ಇಲ್ಲದೆ ಈ ಮನುಷ್ಯ ಬದುಕಬಲ್ಲನೋ ಅಂತ ಅದು ಹೇಳುವುದಿಲ್ಲ. ಅದಕ್ಕೆ ಈಗಲೂ, ರೋಬೋಟ್ ಪಕ್ಕದಲ್ಲಿದ್ದರೂ, ಕಡ್ಡಿ ತಾಗಿಸಿ ರೋಗಿಯನ್ನೇ ಕೇಳುತ್ತಾರೆ. ಪೆನ್‌ಫೀಲ್ಡ್ ಅಕ್ಕನಿಗೆ ಆ ಲೇಸರ್ ಪೆನ್ನು ಸಿಕ್ಕಿರಲಿಲ್ಲ.

1960ರಲ್ಲಿ ಅವರು ನಿರ್ದೇಶಕ ಹುದ್ದೆಯಿಂದ ನಿವೃತ್ತರಾದರು. ಸುಮ್ಮನೆ ಕೂರಲಿಲ್ಲ, ಕಾದಂಬರಿ ಬರೆದರು, ಕುಟುಂಬಗಳ ಕುರಿತು ಕೆಲಸ ಮಾಡುವ ವ್ಯಾನಿಯೆ ಸಂಸ್ಥೆಯ ಮೊದಲ ಅಧ್ಯಕ್ಷರಾದರು. 1975ರಲ್ಲಿ ಬಂದ ಪುಸ್ತಕದಲ್ಲಿ, ಇಷ್ಟು ವರ್ಷ ಮೆದುಳನ್ನು ಮುಟ್ಟಿ ನೋಡಿದರೂ ಮನಸ್ಸು ಎಲ್ಲಿದೆ ಅಂತ ಕಡ್ಡಿಗೆ ಸಿಗಲಿಲ್ಲ ಅನ್ನುವ ಅರ್ಥದ ಮಾತನ್ನು ಬರೆದರು. ಕಡ್ಡಿಯಿಂದ ಕೈ ಎತ್ತಿಸಬಹುದಿತ್ತು. ಕೈ ಎತ್ತಬೇಕು ಅನ್ನುವ ಇಚ್ಛೆಯನ್ನು ಹುಟ್ಟಿಸಲು ಆಗಿರಲಿಲ್ಲ. ಆತ್ಮಕಥೆಯ ಹಸ್ತಪ್ರತಿ ಮುಗಿಸಿ ಮೂರು ವಾರದಲ್ಲಿ, 1976ರ ಏಪ್ರಿಲ್ 5ರಂದು, ಅಕ್ಕನಿಗೆ ಆಪರೇಷನ್ ಮಾಡಿದ್ದ ಅದೇ ರಾಯಲ್ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಗ ಅವರಿಗೆ 85 ವರ್ಷ. ಕ್ವಿಬೆಕ್‌ನ ಮೆಂಫ್ರೆಮೆಗಾಗ್ ಸರೋವರದ ದಡದಲ್ಲಿ ಅವರ ತೋಟ ಇತ್ತು. ಬೂದಿಯನ್ನು ಅಲ್ಲೇ ಮಣ್ಣು ಮಾಡಿದರು.